ಅಕ್ಕನ ಬಲಗೈಗೆ ಡಾಕ್ಟರನ್ನು ಹುಡುಕಿದ್ದು

ಅಕ್ಕನಿಗೆ ಲಕ್ವ ಹೊಡೆದಾಗ ನಲವತ್ತೆಂಟು ವರ್ಷ. ತಿಕೋಟಾದಿಂದ ದಿನಾ ಹೊನವಾಡದ ಕಡೆಯ ಶೆಡ್ಡಿಗೆ ಹೋಗಿ ಮನೂಕ, ಅಂದರೆ ಒಣದ್ರಾಕ್ಷಿ, ಆರಿಸುತ್ತಿದ್ದಳು. ಅವಳಷ್ಟು ಚುರುಕಾದ ಕೈ ಆ ಶೆಡ್ಡಿನಲ್ಲಿ ಇನ್ನೊಂದಿರಲಿಲ್ಲ. ವಿಜಯಪುರದ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಮನೆಗೆ ಬಂದಾಗ ತನ್ನ ಕಾಲ ಮೇಲೇ ನಡೆಯುತ್ತಿದ್ದಳು. ಆದರೆ ಮಾತು ತೊದಲುತ್ತಿತ್ತು, ಬಲಗಾಲು ಎಳೆಯುತ್ತಿತ್ತು. ಬರಬರುತ್ತ ಬಲಗೈ ಮುಷ್ಟಿ ಬಿಗಿದುಕೊಂಡು ಬಿಚ್ಚದಂತಾಯಿತು.

ಬಿಡುಗಡೆಯ ಚೀಟಿಯ ಕೊನೆಯ ಸಾಲನ್ನು ನರ್ಸ್ ನನಗೆ ಕನ್ನಡದಲ್ಲಿ ಹೇಳಿದ್ದಳು: ಪುನರ್ವಸತಿ ಡಾಕ್ಟರಿಗೆ ತೋರಿಸಬೇಕು. ನಾನು ಬಬಲೇಶ್ವರದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ನಮ್ಮ ಕಡೆ ಪುನರ್ವಸತಿ ಅಂದರೆ ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರಿನವರಿಗೆ ಬೇರೆ ಜಾಗ ಕೊಡುವುದು. ಅದಕ್ಕೂ ಅಕ್ಕನ ಕೈಗೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ.

ಒಂದು ಶನಿವಾರ ಅವಳನ್ನು ಕರೆದುಕೊಂಡು ವಿಜಯಪುರದ ಸ್ಟ್ಯಾಂಡಿನಲ್ಲಿ ಇಳಿದೆ. ಆಟೋದವನಿಗೆ ಪುನರ್ವಸತಿ ಡಾಕ್ಟರ್ ಅಂದೆ. ಅವನು ಬಹಳ ಭರವಸೆಯಿಂದ ತಲೆಯಾಡಿಸಿ ಊರ ಹೊರಗಿನ ಒಂದು ಕಟ್ಟಡದ ಮುಂದೆ ಬಿಟ್ಟ. ಅದು ಕುಡಿತ ಬಿಡಿಸುವ ಕೇಂದ್ರ. ಬಾಗಿಲ ಬಳಿ ಕೂತಿದ್ದವನು ಅಕ್ಕನ ತೂಗಾಡುವ ನಡಿಗೆ ನೋಡಿದ, ತೊದಲು ನಮಸ್ಕಾರ ಕೇಳಿದ. ರಿಜಿಸ್ಟರ್ ತೆರೆದು ಮರುಕದಿಂದ ಕೇಳಿದ:

"ಎಷ್ಟ್ ವರ್ಷದಿಂದ ಕುಡೀತಾರ್ರಿ ಇವರು?"

ಅಕ್ಕನೇ ನಿಧಾನವಾಗಿ ಹೇಳಿದಳು: "ಸಣ್ಣಾಕಿ ಇದ್ದಾಗಿಂದ ಕುಡೀತೇನ್ರಿ. ಚಹಾ. ದಿನಕ್ಕ ನಾಕ್ ಸಲ."

ಆಮೇಲೆ ನಗತೊಡಗಿದಳು. ಲಕ್ವ ಹೊಡೆದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಬಾಯಿ ಒಂದು ಕಡೆ ಸೊಟ್ಟಗಾಯಿತು, ಅದಕ್ಕೂ ನಕ್ಕಳು. ಆ ಮನುಷ್ಯ ನಾಚಿಕೊಂಡು ಕುರ್ಚಿ ಹಾಕಿ, ಚಹಾ ತರಿಸಿಕೊಟ್ಟ.

ಸೋಮವಾರ ಇದನ್ನು ಶಾಲೆಯಲ್ಲಿ ಹೇಳಿದೆ. ನಮ್ಮ ವಿಜ್ಞಾನದ ಮೇಷ್ಟ್ರು ಮಮದಾಪುರದವರು. ಅವರು ಮಾತ್ರ ನಗಲಿಲ್ಲ. ಸೋತ ಕೈಕಾಲನ್ನು ಮತ್ತೆ ಕೆಲಸಕ್ಕೆ ತರುವವರೇ ಪುನರ್ವಸತಿ ಡಾಕ್ಟರು ಎಂದರು. ಬೈಕಿನಿಂದ ಬಿದ್ದ ತಮ್ಮ ಭಾವ ಅಂಥ ಡಾಕ್ಟರ ಕೈಯಲ್ಲೇ ಮತ್ತೆ ನಡೆಯುವಂತಾದದ್ದನ್ನು ಹೇಳಿ, ವಿಜಯಪುರದ ಆ ಡಾಕ್ಟರ ವಿಳಾಸದ ಜೊತೆ ದಾರಿಯ ನಕ್ಷೆಯನ್ನೂ ಬರೆದುಕೊಟ್ಟರು.

ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಾಗದಗಳನ್ನೆಲ್ಲ ಓದಿ, ಬೆರಳು ಒಂದೊಂದೇ ಹಿಡಿದು ನೋಡಿ, ಈ ಕೈಯಿಂದ ಮೊದಲು ಯಾವ ಕೆಲಸ ಆಗಬೇಕು ಎಂದು ಕೇಳಿದರು. ಊಟ ಮಾಡುವಂತಾದರೆ ಸಾಕು ಎಂದು ನಾನು ಶುರುಮಾಡಿದೆ. ಅವರು ನನ್ನನ್ನು ತಡೆದು, ಕೈ ಇವರದಲ್ಲವೇ ಎಂದು ಅಕ್ಕನ ಕಡೆ ತಿರುಗಿದರು.

"ಮನೂಕ ಆರಸಬೇಕ್ರಿ," ಅಂದಳು ಅಕ್ಕ. "ಶೆಡ್ಡಿಗೆ ಹೋಗಬೇಕು. ಅಲ್ಲಿ ನನ್ನ ಮಂದಿ ಅದಾರ."

ಡಾಕ್ಟರು ಅದನ್ನೇ ಚೀಟಿಯಲ್ಲಿ ಬರೆದುಕೊಂಡರು. ಬಿಗಿತ ಸಡಿಲಿಸಲು ಇಂಜೆಕ್ಷನ್ ಕೊಟ್ಟರು, ಬೆರಳು ಮಡಚದಂತೆ ಕಟ್ಟಿಕೊಳ್ಳಲು ಒಂದು ಪಟ್ಟಿ ಕೊಟ್ಟರು, ದಿನಾ ಮಾಡಬೇಕಾದ ವ್ಯಾಯಾಮ ಕಲಿಸಿದರು. ವಾರಕ್ಕೆರಡು ಸಲ ಬಸ್ಸಿನಲ್ಲಿ ಹೋಗಿ ಬಂದೆವು. ಒಂದು ದಿನ ಹೆಬ್ಬೆರಳು ಬಿಡಿಸಿಕೊಂಡಿತು. ಒಂದೂವರೆ ತಿಂಗಳಿಗೆ ಅಂಗೈ ತೆರೆಯಿತು.

ಆಗ ಡಾಕ್ಟರು ಒಂದು ತಟ್ಟೆಯಲ್ಲಿ ಒಣದ್ರಾಕ್ಷಿ ಹರಡಿ ಅಕ್ಕನ ಮುಂದಿಟ್ಟರು. ಒಂದು ಮುಷ್ಟಿ ಆರಿಸಲು ಅರ್ಧ ತಾಸು ಹಿಡಿಯಿತು. ಹಣೆಯಲ್ಲಿ ಬೆವರು. ಮುಗಿಸಿದವಳು ಡಾಕ್ಟರ ಮುಖ ನೋಡಿ, "ಎಲ್ಲಿ ತಂದೀರಿ ಇದನ್ನ? ನಿಮಗ ಮೂರನೇ ನಂಬರಿನ ಮಾಲು ಕೊಟ್ಟಾರ" ಅಂದಳು. ಡಾಕ್ಟರು ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ನಕ್ಕರು.

ಮುಂದಿನ ಸಲ ಅಕ್ಕ ತಿಕೋಟಾದಿಂದ ಒಳ್ಳೆಯ ಮಾಲಿನ ಚೀಲವೊಂದನ್ನು ತಂದಳು. ಬೇರೆ ರೋಗಿಗಳ ಬೆರಳಿಗೂ ಅದರಲ್ಲೇ ವ್ಯಾಯಾಮ ಶುರುವಾಯಿತು. ಆರಿಸುವುದಕ್ಕಿಂತ ತಿನ್ನುವವರೇ ಹೆಚ್ಚಾದಾಗ ಅಕ್ಕ ಅವರನ್ನು ಗದರಿಸತೊಡಗಿದಳು.

ಮರುವರ್ಷದ ಸುಗ್ಗಿಗೆ ಅವಳು ಶೆಡ್ಡಿಗೆ ಹೋದಳು, ಅರ್ಧ ದಿನ ಮಾತ್ರ. ಮೊದಲಿನ ವೇಗ ಬಂದಿಲ್ಲ. ಪಕ್ಕದವರ ಎರಡು ತಟ್ಟೆ ಮುಗಿದಾಗ ಇವಳದು ಒಂದು. ಅದರ ಬಗ್ಗೆ ಅವಳಿಗೆ ಬೇಸರವೂ ಇಲ್ಲ. ಮಾತಾಡಲು ಸಮಯ ಸಿಗುತ್ತದಂತೆ.

ಈಗ ಕೈಕಾಲು ಸೋತವರ ಮನೆಯಿಂದ ಅವಳಿಗೆ ಫೋನು ಬರುತ್ತದೆ. ವಿಳಾಸ ಹೇಳಿ ಸುಮ್ಮನಾಗುವವಳಲ್ಲ, ಜೊತೆಗೇ ಹೋಗುತ್ತಾಳೆ. ಹೋದ ಗುರುವಾರ ಘೋಣಸಗಿಯ ಒಬ್ಬ ಅಜ್ಜಿಯನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೊರಟಿದ್ದಳು. ನಾನೂ ಬರಲೇ ಎಂದು ಕೇಳಿದೆ. ನೀನು ನಿನ್ನ ಶಾಲೆಗೆ ಹೋಗು ಅಂದಳು.