ಅಕ್ಕನಿಗೆ ಹೇಳದೆ ಬಿಟ್ಟ ಎರಡು ಅಧ್ಯಾಯಗಳು

ಹೈಸ್ಕೂಲಿನ ಮಾಸ್ತರರು ಹೇಳಿದ ಇಂಗ್ಲಿಷ್ ಕಾದಂಬರಿಯ ಕಥೆ ಕೇಳಿ, ವಿಧವೆಯಾಗಿದ್ದ ನಮ್ಮ ಅಕ್ಕ ತಾನಾಗಿಯೇ ಮರುಮದುವೆ ಬೇಡವೆಂದಳು ಎಂದು ಬಸವನ ಬಾಗೇವಾಡಿಯ ನಮ್ಮ ಓಣಿಯವರು ಹೇಳುತ್ತಾರೆ. ಈ ಮಾತಿನಲ್ಲಿ ‘ತಾನಾಗಿಯೇ’ ಎನ್ನುವುದಕ್ಕೆ ಪುರಾವೆ ಏನು ಎಂದು ಯಾರೂ ಕೇಳಿಲ್ಲ. ಅವಳ ತಂಗಿ ನಾನು ಆಗ ಮೆಟ್ರಿಕ್‌ನಲ್ಲಿದ್ದೆ. ಚರ್ಚಾಸ್ಪರ್ಧೆಗೆಂದು ಇಂಡಿ, ಸಿಂದಗಿ ತಿರುಗಿ, ಎದುರಾಳಿಯ ಮಾತಿನಲ್ಲಿ ಪೊಳ್ಳು ಎಲ್ಲಿದೆ ಎಂದು ತಟ್ಟಿ ನೋಡುವ ಚಾಳಿ ಹತ್ತಿತ್ತು. ಮನೆಯವರ ಮಾತನ್ನೂ ತಟ್ಟುತ್ತಿದ್ದೆ.

ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ, ಹಿರಿಯರ ಮುಂದೆ ಇನ್ನೊಬ್ಬನ ಜೊತೆ ಬಾಳುವೆ ಕೂಡಿಸುವ ಉಡಿಕೆ ನಮ್ಮಲ್ಲಿ ಗುಟ್ಟಿನ ಸಂಗತಿಯಾಗಿರಲಿಲ್ಲ. ಅಪ್ಪನ ತಾಯಿ, ನಮ್ಮ ಆಯಿ, ಹಾಗೆಯೇ ಈ ಮನೆಗೆ ಬಂದವಳು. ಅಕ್ಕನಿಗೆ ಇಪ್ಪತ್ತೆರಡು. ಮೋರಟಗಿಯ ಒಬ್ಬ ರೈತ, ಹೆಂಡತಿ ತೀರಿಕೊಂಡವನು, ಕೇಳಿ ಕಳಿಸಿದ್ದ. ಆದರೆ ಅಪ್ಪ ಅದೇ ವರ್ಷ ಹೈಸ್ಕೂಲಿನ ಕಮಿಟಿ ಸೇರಿದ್ದ. ಓದುಬರಹದವರ ಮನೆಯಲ್ಲಿ ಉಡಿಕೆ ಚಂದ ಕಾಣುವುದಿಲ್ಲ ಎಂಬ ವಿಚಾರ ಅವನ ಬೆನ್ನಿಗೇ ಮನೆಯೊಳಗೆ ಬಂತು.

ರವಿವಾರ ಮುಂಜಾನೆ ಇಂಗ್ಲಿಷ್ ಮಾಸ್ತರರು ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕಥೆ ಹೇಳತೊಡಗಿದರು. ವಿಕ್ಟೋರಿಯನ್ ಕಾಲದ ದಪ್ಪ ಕಾದಂಬರಿ. ಅದರಲ್ಲೊಬ್ಬ ಎಳೆಯ ವಿಧವೆ. ಕರಿ ಬಟ್ಟೆ ಬಿಡಲಿಲ್ಲ, ಬಡಮಕ್ಕಳಿಗೆ ಶಾಲೆ ತೆರೆದಳು, ತನ್ನನ್ನು ಪ್ರೀತಿಸಿದ ಗಡಿಯಾರ ರಿಪೇರಿಯವನನ್ನು ಹಿಂದಕ್ಕೆ ಕಳಿಸಿದಳು. ಅಕ್ಕ ಬಾಗಿಲ ಮರೆಯಲ್ಲಿ ಜೋಳ ಹಸನು ಮಾಡುತ್ತ ಕೇಳುತ್ತಿದ್ದಳು.

“ಆ ಹೆಣ್ಮಗಳಿಗೆ ಹೇಳವ್ರು ಕೇಳವ್ರು ಯಾರೂ ಇದ್ದಿದ್ದಿಲ್ಲೇನ್ರಿ?” ಆಯಿ ಕೇಳಿದಳು. “ಹುಡುಗ ಚಲೋ ಅದಾನ. ಉಡಿಕಿ ಮಾಡಿ ಮುಗಿಸೂದಪ್ಪ.”

ಮಾಸ್ತರರು ನಕ್ಕರು. “ಅವರಾಗ ಉಡಿಕಿ ಇಲ್ಲ ಯಮ್ಮಾ. ಶೀಲ ಅಂದ್ರ ಅವರಿಗೆ ಭಾಳ ದೊಡ್ಡದು.”

“ಹಂಗಾರ ನಮಗ ಸಣ್ಣದೇನು?”

“ಯವ್ವಾ, ಸುಮ್ನ ಕಥಿ ಕೇಳು,” ಅಂದ ಅಪ್ಪ.

ಮುಂದಿನ ರವಿವಾರ ಕಥೆ ಮುಗಿಯಿತು. ವಿಧವೆ ಶಾಲೆಯಲ್ಲೇ ಮುದುಕಿಯಾದಳು, ಊರೆಲ್ಲ ಅವಳಿಗೆ ತಲೆಬಾಗಿತು. ಮರುದಿನ ಅಕ್ಕ ಅಪ್ಪನಿಗೆ ಹೇಳಿದಳು: “ನಾನೂ ಹಂಗ ಇರ್ತೇನಿ. ಅವ್ರಿಗೆ ಬ್ಯಾಡ ಅಂತ ಹೇಳಿ ಕಳಸು.” ಮೋರಟಗಿಯವನು ಮಾತ್ರ, ಸುಗ್ಗಿ ಮುಗಿದ ಮೇಲೆ ತಾನೇ ಬಂದು ಅವಳ ಬಾಯಿಂದಲೇ ಕೇಳುತ್ತೇನೆಂದು ತಿಳಿಸಿದ.

ಅಷ್ಟರಲ್ಲಿ ಮುದ್ದೇಬಿಹಾಳದಲ್ಲಿ ಸ್ಪರ್ಧೆ ಬಂತು. ವಿಷಯ, ಕಾದಂಬರಿಗಳಿಂದ ನೀತಿ ಬೆಳೆಯುತ್ತದೆಯೇ. ನನ್ನ ಸರದಿ ಕಾಯುತ್ತ ಕುಳಿತಾಗ ಆ ಶಾಲೆಯ ಕಪಾಟಿನಲ್ಲಿ, ಮಾಸ್ತರರು ಹೆಸರು ಹೇಳಿದ್ದ ಅದೇ ಪುಸ್ತಕ ಕಂಡಿತು. ಹಿಂದಿನಿಂದ ತೆರೆದೆ. ನನ್ನ ಹರಕು ಇಂಗ್ಲಿಷಿಗೂ ಅಷ್ಟು ತಿಳಿಯಿತು. ಕೊನೆಯ ಎರಡು ಅಧ್ಯಾಯಗಳಲ್ಲಿ ಮೊದಲನೆಯದರಲ್ಲಿ ಆ ವಿಧವೆ ಕರಿ ಬಟ್ಟೆ ತೆಗೆಯುತ್ತಾಳೆ. ಕೊನೆಯದರಲ್ಲಿ ಗಡಿಯಾರದವನನ್ನೇ ಮದುವೆಯಾಗುತ್ತಾಳೆ.

ಸ್ಪರ್ಧೆ ಮುಗಿದ ಮೇಲೆ ಉಳಿದ ಹಾಳೆಗಳನ್ನೂ ತಿರುವಿದೆ. ಆ ಸುಖಾಂತವನ್ನೂ ನಾನು ಪೂರ್ತಿ ನಂಬಲಿಲ್ಲ. ಗಂಡನನ್ನು ಕೊಡುವ ಮೊದಲು ಬರೆದವರು ಅವಳಿಂದ ಅರ್ಧ ಪುಸ್ತಕ ರೋಗಿಗಳ ಸೇವೆ ಮಾಡಿಸಿದ್ದರು, ಅವಳಿಗೆ ಸೋದರಮಾವನ ಆಸ್ತಿ ಬರುವಂತೆ ಮಾಡಿದ್ದರು. ಆ ವಿಧವೆಯ ಮನೆಯ ಕೆಲಸದ ಹುಡುಗಿ ಒಬ್ಬನನ್ನು ಮೆಚ್ಚಿದ್ದಕ್ಕೆ ಅವಳನ್ನು ಹಡಗು ಹತ್ತಿಸಿ ಮರೆತಿದ್ದರು. ಆಸ್ತಿ ಇದ್ದವಳಿಗೊಂದು ನೀತಿ, ಪಾತ್ರೆ ತೊಳೆಯುವವಳಿಗೊಂದು. ಅದೇನೇ ಇರಲಿ, ಅಕ್ಕ ತನ್ನ ಬದುಕನ್ನು ಒಪ್ಪಿಸಿದ್ದು ಪುಸ್ತಕದಲ್ಲಿ ಇಲ್ಲದ ಮುಕ್ತಾಯಕ್ಕೆ.

ಊರಿಗೆ ಬಂದವಳೇ ಮಾಸ್ತರರ ಮನೆಗೆ ಹೋದೆ. “ಸರ್, ಕಡೀ ಎರಡು ಅಧ್ಯಾಯ ಎಲ್ಲಿ ಹೋದ್ವು?”

ಅವರು ಯಾರಿಗೂ ಕೇಳಿಸದಂತೆ ಬಾಗಿಲು ಮುಂದೆ ಮಾಡಿದರು. “ನಿಮ್ಮಪ್ಪಗ ಮೊದಲ ಪೂರ್ತಿ ಹೇಳಿದ್ದೆ. ಅಲ್ಲೀತನಾ ಸಾಕು, ಮುಂದಿಂದು ಬ್ಯಾಡ, ಶಾಲ್ಯಾಗ ಮುದುಕಿ ಆದ್ಲು ಅಂತ ಮುಗಸ್ರಿ ಅಂದ್ರು.”

“ನೀವು ಹೂಂ ಅಂದ್ರಿ.”

“ನನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ ತಂಗಿ, ಅದು ಕಮಿಟಿ ಕೈಯಾಗ ಐತಿ. ವಾದ ಮಾಡೂದು ನಿನಗ ಸಸಾರ.”

ಇದು ನಿಜವೋ, ತಪ್ಪನ್ನು ಅಪ್ಪನ ಹೆಗಲಿಗೆ ಹಾಕುವ ಉಪಾಯವೋ, ಹೇಳಲಾರೆ. ನೌಕರಿಯ ಭಯವಿದ್ದವರ ಸಾಕ್ಷಿಯನ್ನು ನಾನು ಅರ್ಧಕ್ಕೇ ಹಿಡಿಯುತ್ತೇನೆ. ಮೊದಲು ಅಕ್ಕನಿಗೆ ಎಲ್ಲ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಲಿಲ್ಲ.

“ಆ ಗಡಿಯಾರದವ,” ಅಂದಳು ಆಮೇಲೆ, “ಅಲ್ಲೀತನಾ ಕಾಯ್ಕೋತ ಕುಂತಿದ್ದನೇನು?”

“ಕುಂತಿದ್ದ.”

“ಹೂಂ,” ಎಂದು ರೊಟ್ಟಿಯನ್ನು ಹಂಚಿಗೆ ಹಾಕಿದಳು.

ಮೋರಟಗಿಯವನು ಮರುದಿನ ಬರುವವನಿದ್ದ. ಕಮಿಟಿಯ ಸಭೆಗೆ ಹೊರಟ ಅಪ್ಪ ಕನ್ನಡಿಯ ಮುಂದೆ ರುಮಾಲು ಸುತ್ತಿಕೊಳ್ಳುತ್ತಿದ್ದ. ಪುಸ್ತಕದಲ್ಲಿ ನಾನು ಓದಿದ್ದನ್ನೂ ಮಾಸ್ತರರು ಅಂದದ್ದನ್ನೂ ಹೇಳಿದೆ. ಅಪ್ಪ ರುಮಾಲಿನ ಸುತ್ತು ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತತೊಡಗಿದ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತ್ತು.

“ಅಪ್ಪಾ,” ಅಂದೆ, “ನಾಳೆ ಅಕ್ಕ ತಾನ ಪಡಸಾಲಿಗೆ ಬಂದು ಅವಗ ಬ್ಯಾರೆ ಉತ್ತರ ಕೊಟ್ರ, ಆಕೀನೂ ಅರ್ಧಕ್ಕ ನಿಲ್ಲಸ್ತೀಯೇನು?”