ಶಿರಗುಪ್ಪಿಯ ಸೀತನಿ ಮತ್ತು ನಾಲ್ಕು ಮನೆಯ ಚಹಾ

ಕಳೆದ ಜನವರಿಯ ಎರಡನೇ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಾವು ಮೂವರು ಕಾಗವಾಡ ತಾಲ್ಲೂಕಿನ ಶಿರಗುಪ್ಪಿಯಲ್ಲಿರುವ ನನ್ನ ತಂಗಿಯ ಮನೆ ತಲುಪಿದೆವು. ಸೀತನಿ, ಎಂದರೆ ಸುಟ್ಟ ಎಳೆ ಜೋಳ, ತಿನ್ನಲೆಂದೇ ಹೋದವರು. ಮಧ್ಯಾಹ್ನ ಹನ್ನೆರಡೂವರೆಗೆ ಹೊಲದಲ್ಲಿ ಅದನ್ನು ಸುಟ್ಟು ಮುಂದಿಟ್ಟಾಗ ಮೂವರಲ್ಲಿ ಒಬ್ಬರಿಗೂ ಎರಡನೇ ಹಿಡಿ ಬಾಯಿಗೆ ಹಾಕಿಕೊಳ್ಳಲು ಆಗಲಿಲ್ಲ.

ಮೂವರೆಂದರೆ ನಾನು, ಸುದ್ದಿಮನೆಯಲ್ಲಿ ಬಹಳ ವರ್ಷ ನನ್ನ ಎದುರಿನ ಮೇಜಿನಲ್ಲಿ ಕೂತಿದ್ದ ಮೈಸೂರಿನ ಗೆಳೆಯ, ಮತ್ತು ಅವನ ಹೆಂಡತಿ. ಇಬ್ಬರೂ ಹಿಂದೆಂದೂ ಈ ಭಾಗಕ್ಕೆ ಬಂದವರಲ್ಲ. ನಿಮ್ಮ ಕಡೆ ಬಂದರೆ ಎಲ್ಲಿ ತಿನ್ನಬೇಕು, ಏನು ನೋಡಬೇಕು ಎಂದು ಕೇಳಿದ್ದರು. ನಾನು ಎರಡು ದಿನದ ಪಟ್ಟಿ ಮಾಡಿದೆ. ಅಂಗಡಿಗಳು ತೆರೆಯುವ ಹೊತ್ತು, ರಸ್ತೆಯ ಸ್ಥಿತಿ, ವಾಪಸಾಗುವ ರೈಲು, ಎಲ್ಲವನ್ನೂ ಎರಡೆರಡು ಸಲ ವಿಚಾರಿಸಿದ್ದೆ.

ಶನಿವಾರದ ಭಾಗ ಪಟ್ಟಿಯಂತೆಯೇ ನಡೆಯಿತು. ಎಂಟೂವರೆಗೆ ನಿಪ್ಪಾಣಿಯಲ್ಲಿದ್ದೆವು. ಅಲ್ಲಿ ಬೆಳಿಗ್ಗೆ ತಿನ್ನಬೇಕಾದ್ದು ಮಿಸಳ. ಪೇಟೆಯ ಕಡೆ ನಡೆದರೆ ಬೆಂಚುಗಳು ರಸ್ತೆಗೇ ಬಂದಿರುವ ಅಂಗಡಿಗಳು ಸಿಗುತ್ತವೆ; ಯಾವುದರ ಮುಂದೆ ಜನ ತಟ್ಟೆ ಹಿಡಿದು ನಿಂತೇ ತಿನ್ನುತ್ತಿದ್ದಾರೋ ಅಲ್ಲಿಗೆ ಹೋಗುವುದು ಒಳ್ಳೆಯದು. ಮೊಳಕೆ ಬಂದ ಮಡಕಿ ಕಾಳಿನ ಮೇಲೆ ಸೇವು ಬೆರೆತ ಫರಸಾಣ, ಹೆಚ್ಚಿದ ಈರುಳ್ಳಿ, ಅದರ ಮೇಲೆ ಕೆಂಪು ಎಣ್ಣೆ ತೇಲುವ ಸಾರು. ಆ ಸಾರಿಗೆ ಕಟ್ ಎನ್ನುತ್ತಾರೆ. ಬಡಿಸುವವನು ಮೊದಲು ಮರಾಠಿಯಲ್ಲಿ ಕೇಳಿದ, ನಮ್ಮ ಮುಖ ನೋಡಿ ಕನ್ನಡಕ್ಕೆ ಹೊರಳಿದ.

"ಮೈಸೂರ ಮಂದಿ ಅದಾರಪಾ, ಕಟ್ ಸ್ವಲ್ಪ ಹಗರಕ ಹಾಕು" ಎಂದೆ.

"ಹಗರಕ ಹಾಕಿದ್ರ ಅದು ಮಿಸಳ ಅಲ್ರಿ, ಜ್ವರಾ ಬಂದವರಿಗೆ ಕೊಡೂ ಸಾರು" ಎಂದು ಅವನು ಎಲ್ಲರಿಗೂ ಒಂದೇ ಅಳತೆ ಸುರಿದ. ಗೆಳೆಯನ ಹೆಂಡತಿ ಕಣ್ಣು ಮೂಗು ಒರೆಸಿಕೊಳ್ಳುತ್ತಲೇ ತಟ್ಟೆ ಮುಗಿಸಿ, ಇನ್ನೊಂದು ಸಲ ಕಟ್ ಹಾಕಿಸಿಕೊಂಡರು. ಬಡಿಸುವವನು ನನ್ನ ಕಡೆ ಒಮ್ಮೆ ನೋಡಿ ಮುಂದಿನ ತಟ್ಟೆಗೆ ಹೋದ.

ಮಧ್ಯಾಹ್ನದ ಊಟ ಚಿಕ್ಕೋಡಿಯ ಒಂದು ಖಾನಾವಳಿಯಲ್ಲಿ. ಎರಡೇ ಕೋಣೆ, ಒಳಗಿನದರಲ್ಲಿ ಇಬ್ಬರು ಹೆಂಗಸರು ರೊಟ್ಟಿ ಬಡಿಯುತ್ತಾರೆ, ಹೊರಗಿನದರಲ್ಲಿ ಉಣ್ಣುವವರು. ಬಿಸಿ ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕಾ, ಬದನೆಕಾಯಿ ಎಣ್ಣೆಗಾಯಿ, ಹಸಿ ಈರುಳ್ಳಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಗೆಳೆಯ ಒಂದು ರೊಟ್ಟಿಗೇ ಅನ್ನ ಕೇಳಿದ. ಒಳಗಿನಿಂದಲೇ ಒಬ್ಬಾಕೆ ಹೇಳಿದಳು: "ಅನ್ನ ಎಲ್ಲಿ ಓಡಿ ಹೋಕ್ಕೈತ್ರಿ ಅಣ್ಣಾರ? ರೊಟ್ಟಿ ಆರಾಕತ್ತೈತಿ, ಮೊದಲ ಅದನ್ನ ನೋಡ್ರಿ." ಅವನು ಮೂರು ರೊಟ್ಟಿ ತಿಂದ. ಅವನ ಹೆಂಡತಿ ಒಳಗೆ ಹೋಗಿ, ಹಿಟ್ಟು ಕೈಗೆ ಅಂಟದಂತೆ ರೊಟ್ಟಿ ಹೇಗೆ ತಿರುಗುತ್ತದೆ ಎಂದು ನೋಡುತ್ತ ನಿಂತರು. ಅಷ್ಟು ತೆಳ್ಳಗೆ, ಅಷ್ಟು ಬೇಗ, ಒಂದೂ ಹರಿಯದಂತೆ ಬಡಿಯುವ ಕೈಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಂಜೆ ಕೃಷ್ಣೆ ದಾಟಿ ಅಥಣಿಗೆ ಹೋದೆವು. ಅಥಣಿಯಲ್ಲಿ ಮಾಡಬೇಕಾದ ಕೆಲಸ ಒಂದೇ: ಚಪ್ಪಲಿ ಹೊಲಿಯುವವರ ಓಣಿಯಲ್ಲಿ ಒಂದು ತಾಸು ಕೂರುವುದು. ಕಾಗದದ ಮೇಲೆ ಪಾದ ಇಡಿಸಿ ಗೆರೆ ಎಳೆಯುತ್ತಾರೆ. ಮೊಳೆ ಇಲ್ಲ, ತೊಗಲಿನ ದಾರದಲ್ಲೇ ಹೊಲಿಗೆ. ಗೆಳೆಯನ ಎಡಪಾದ ಬಲಪಾದಕ್ಕಿಂತ ಚೂರು ದೊಡ್ಡದೆಂದು ಅವನಿಗೆ ಮೊದಲ ಸಲ ತಿಳಿದದ್ದು ಅಲ್ಲಿ. ಅದನ್ನು ಹೇಳಿದ ಮುದುಕ ತಲೆ ಎತ್ತಿ ಕೂಡ ನೋಡಿರಲಿಲ್ಲ.

ಭಾನುವಾರ ಮಾತ್ರ ಬರೀ ತಿರುಗಾಟದ ದಿನವಾಗಿರಲಿಲ್ಲ.

ಜೋಳದ ತೆನೆಯಲ್ಲಿ ಹಾಲು ತುಂಬಿ, ಕಾಳು ಇನ್ನೂ ಗಟ್ಟಿಯಾಗದ ಹತ್ತು ಹನ್ನೆರಡು ದಿನ ಇರುತ್ತವೆ. ಆಗ ತೆನೆ ಕೊಯ್ದು, ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಉಜ್ಜಿ ಕಾಳು ಬಿಡಿಸಿ, ಹೊಲದಲ್ಲೇ ಕೂತು ಬಿಸಿ ಬಿಸಿ ತಿನ್ನುವುದು ಸೀತನಿ. ಅಥಣಿಯ ಪೂರ್ವಕ್ಕಿರುವ ನಮ್ಮ ಊರು ಜೋಳದ ಊರು. ಚಳಿಗಾಲವೆಂದರೆ ನಮಗೆ ಅದೇ. ತಂಗಿಯನ್ನು ಕೊಟ್ಟ ಶಿರಗುಪ್ಪಿಯಲ್ಲಿ ಕಣ್ಣು ಹಾಯುವವರೆಗೆ ಕಬ್ಬು. ಮದುವೆಯಾದ ಮೇಲೆ ಅವಳು ತನ್ನ ಹೊಲದ ಸೀತನಿ ತಿಂದಿರಲಿಲ್ಲ. ಎರಡು ವರ್ಷ ಗಂಡನ ಬೆನ್ನು ಬಿದ್ದು ಕಬ್ಬಿನ ಹೊಲದ ಹತ್ತು ಗುಂಟೆ ಮೂಲೆಯೊಂದನ್ನು ಪಡೆದಳು. ಜೋಳ ಬಿತ್ತಿ, ಹೊರಗಿನವರನ್ನು ಕರೆದು ಸೀತನಿ ಊಟ ಹಾಕುವುದು ಅವಳ ಮತ್ತು ಅವಳ ಸ್ತ್ರೀಶಕ್ತಿ ಸಂಘದ ಗೆಳತಿಯರ ಯೋಚನೆ. ಗಂಡ ಒಪ್ಪಿದ್ದು ಒಂದು ಕರಾರಿನ ಮೇಲೆ. ಬಂದವರು ಹೊಟ್ಟೆ ತುಂಬ ತಿಂದು ಮತ್ತೆ ಬರುತ್ತೇವೆ ಎಂದರೆ ಆ ಮೂಲೆ ಅವಳದು. ಇಲ್ಲದಿದ್ದರೆ ಮುಂದಿನ ಹಂಗಾಮಿಗೆ ಕಬ್ಬು. ಮೊದಲ ಅತಿಥಿಗಳು ನಾವು.

ನಾವು ಹೋದಾಗ ತಂಗಿ ಆಗಲೇ ಹೊಲದಲ್ಲಿದ್ದಳು. ಮನೆಯಲ್ಲಿ ಇದ್ದದ್ದು ಅವಳ ಅತ್ತೆ.

"ಸೀದಾ ಹೊಲಕ್ಕ ಹೋಗತೇವ್ರಿ" ಎಂದೆ.

"ಖಾಲಿ ಹೊಟ್ಟ್ಯಾಗ ಹೊಲಕ್ಕ ಕಳಸಿದ್ಲು ಮುದಕಿ ಅನಸೂದೈತೇನ ನನಗ? ಕೂಡ್ರಿ" ಎಂದರು.

ಶಿರಾ ಬಂತು, ಅವಲಕ್ಕಿ ಬಂತು, ಚಹಾ ಬಂತು. ಬೇಡವೆಂದವರ ತಟ್ಟೆಗೆ ಇನ್ನೊಂದು ಚಮಚ ಶಿರಾ ಬಿತ್ತು. ಅಷ್ಟರಲ್ಲಿ ಮೈಸೂರಿನ ಬೀಗರು ಬಂದಿದ್ದಾರೆ ಎಂದು ಓಣಿಯಲ್ಲಿ ಸುದ್ದಿಯಾಗಿತ್ತು. ಬೀಗರಲ್ಲ ಎಂದು ನಾನು ಹೇಳಿದ್ದು ಯಾರಿಗೂ ಮುಖ್ಯವಾಗಲಿಲ್ಲ. ಎದುರು ಮನೆಯ ಹಿರಿಯ ಬಾಗಿಲಲ್ಲಿ ಬಂದು ನಿಂತ. ಒಬ್ಬರ ಮನೆಗೆ ದೂರದವರು ಬಂದರೆ ಅಕ್ಕಪಕ್ಕದವರೂ ಕರೆದು ಚಹಾ ಕೊಡಬೇಕು. ಕರೆಯದಿದ್ದರೆ ಅವರ ಮರ್ಯಾದೆಗೆ ಕಡಿಮೆ, ಹೋಗದಿದ್ದರೆ ನಮ್ಮದಕ್ಕೆ.

"ಒಂದ್ ಕಪ್ ಚಹಾ ಅಷ್ಟರಿ. ಎರಡ ಮಿನೀಟ" ಎಂದ.

ಚಹಾದ ಜೊತೆ ಚಿವಡಾ ಇತ್ತು. ಅವನ ಅಣ್ಣನ ಮನೆಯಲ್ಲಿ ಚಹಾದ ಜೊತೆ ತುಪ್ಪ ಸುರಿದ ಶೇಂಗಾ ಹೋಳಿಗೆ. ನಾಲ್ಕನೆಯ ಮನೆ ತಂಗಿಯ ಸಂಘದ ಗೆಳತಿಯದೇ. ಆಕೆಯೂ ಹೊಲದಲ್ಲಿ ಕೆಂಡ ನೋಡಿಕೊಳ್ಳಲು ಹೋಗಿದ್ದಳು, ಆದರೆ ಹೋಗುವ ಮುಂಚೆ ಗಂಡನಿಗೆ ಹೇಳಿ ಹೋಗಿದ್ದಳು: ಮಂಡಕ್ಕಿ ಸುಸಲಾ ಮಾಡಿಟ್ಟಿದ್ದೇನೆ, ಮಂದಿ ಬಂದರೆ ಕೊಡದೆ ಕಳಿಸಬೇಡ. ಆತ ಪಕ್ಕದಲ್ಲೇ ನಿಂತು, ತಟ್ಟೆ ಖಾಲಿಯಾಗುವವರೆಗೆ ಕಾದ.

ಇದು ನನಗೆ ಗೊತ್ತಿಲ್ಲದ ರೂಢಿಯಲ್ಲ. ನಾನೂ ಇದೇ ಸೀಮೆಯವನು. ಪಟ್ಟಿಯಲ್ಲಿ ರೈಲಿನ ಪ್ಲಾಟ್‌ಫಾರ್ಮ್ ಕೂಡ ಬರೆದಿದ್ದವನು ಇದನ್ನು ಬಿಟ್ಟಿದ್ದೆ.

ಹೊಲದಲ್ಲಿ ಎಲ್ಲವೂ ಚೊಕ್ಕಟವಾಗಿತ್ತು. ಮೊಣಕಾಲಾಳದ ತಗ್ಗು, ಅದರಲ್ಲಿ ಬೂದಿ ಹಿಡಿದ ಕೆಂಡ, ಸುತ್ತ ಕಂಬಳಿ. ತಂಗಿ ತೆನೆಗಳನ್ನು ಕೆಂಡದಲ್ಲಿ ಹೂತು, ವಾಸನೆ ಬದಲಾದ ಕ್ಷಣಕ್ಕೆ ತೆಗೆದಳು. ಸಂಘದ ಗೆಳತಿ ಬಿಸಿ ತೆನೆಯನ್ನು ಬರಿಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ, ಹಸಿರು ಕಾಳನ್ನು ಎಲೆಯ ಮೇಲೆ ಸುರಿದಳು. ಪಕ್ಕದಲ್ಲಿ ಅಲಖನೂರಿನಿಂದ ತರಿಸಿದ ಬೆಲ್ಲ, ಬೆಳ್ಳುಳ್ಳಿ ಚಟ್ನಿ, ಮೊಸರು. ನಾವು ಒಂದೊಂದು ಹಿಡಿ ತಿಂದೆವು. ಹಾಲಿನ ಸಿಹಿ, ಹೊಗೆಯ ವಾಸನೆ. ಬಹಳ ಚೆನ್ನಾಗಿತ್ತು. ಆಮೇಲೆ ಕೈ ಮುಂದೆ ಹೋಗಲಿಲ್ಲ.

ತಂಗಿ ಗೆಳೆಯನ ಹೆಂಡತಿಯನ್ನು ನೋಡಿದಳು. "ಸೇರಲಿಲ್ಲೇನ್ರಿ ಅಕ್ಕಾರ?"

"ಅಯ್ಯೋ, ತುಂಬಾ ರುಚಿಯಾಗಿದೆ. ಹೊಟ್ಟೆಯಲ್ಲಿ ಜಾಗ ಇಲ್ಲಮ್ಮ. ನಾಲ್ಕು ಮನೆಯಲ್ಲಿ ತಿಂದು ಬಂದಿದೀವಿ."

ತಂಗಿ ಗೆಳತಿಯ ಕಡೆ ತಿರುಗಿದಳು. "ನಿಮ್ಮ ಮನ್ಯಾಗನೂ ಕೊಟ್ಟರೇನ?"

"ಸುಸಲಾ ಅಷ್ಟ ಬೇ" ಎಂದಳು ಗೆಳತಿ, ನೆಲ ನೋಡುತ್ತ.

ತಂಗಿಯ ಗಂಡ ಬದುವಿನ ಮೇಲೆ ನಿಂತಿದ್ದ. ಅವನು ಕೂತಿರಲೇ ಇಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ನೋಡಿದ್ರ್ಯಾ ಪೇಪರ್ ಸಾಹೇಬ್ರ. ಮಂದಿ ಬರತಾರ, ಚಹಾ ಕುಡೀತಾರ, ಹೋಗತಾರ. ಅದಕ್ಕ ಹತ್ತ ಗುಂಟೆ ಯಾಕ ಬೇಕು? ಸುತ್ತ ಕಬ್ಬು, ನಡುವ ಇದೊಂದ ಜ್ವಾಳ. ನಾಕ ಊರ ಗುಬ್ಬಿ ಇಲ್ಲೇ ಉಣ್ಣಾಕತ್ತಾವ."

ತಂಗಿಗೆ ಅದು ಕೇಳಿಸಿತು. ಅವಳು ಉಳಿದ ತೆನೆಗಳ ಮೇಲೆ ಒದ್ದೆ ಬಟ್ಟೆ ಹೊದಿಸಿದಳು.

ಗೆಳೆಯನ ಹೆಂಡತಿಗೂ ಕೇಳಿಸಿತ್ತೆಂದು ಕಾಣುತ್ತದೆ. ಕರಾರಿನ ವಿಷಯ ಕಾರಿನಲ್ಲಿ ಬರುವಾಗ ನಾನೇ ಹೇಳಿದ್ದೆ. ಅವರು ಎದ್ದು ಸೆರಗು ಸಿಕ್ಕಿಸಿಕೊಂಡರು. "ನಮ್ಮ ರೈಲು ಸಂಜೆಗೆ. ಹಸಿವಾಗೋಕೆ ಏನು ಮಾಡ್ಬೇಕು ಹೇಳಿ, ಮಾಡ್ತೀವಿ."

"ಕೆಲಸಾ ಮಾಡ್ರಿ" ಎಂದಳು ತಂಗಿ. ಅದು ತಮಾಷೆಯಾಗಿರಲಿಲ್ಲ.

ಗೆಳೆಯನನ್ನು ಹೊಲದ ನಡುವಿನ ಅಟ್ಟಣಿಗೆ ಹತ್ತಿಸಿ ಕೈಗೆ ತಗಡಿನ ಡಬ್ಬಿ ಕೊಟ್ಟಳು. ಮೂರು ತಾಸು ಅವನು ಹಕ್ಕಿ ಓಡಿಸಿದ. ಮೊದಲು ಡಬ್ಬಿ ಮಾತ್ರ ಬಡಿದ, ಆಮೇಲೆ ಕೂಗತೊಡಗಿದ. ಅಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದರೂ ಅವನ ಗಂಟಲು ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ಅವನ ಹೆಂಡತಿ ಮತ್ತು ನಾನು ಕಬ್ಬಿನ ತುದಿಯ ಹಸಿರು ಗರಿಗಳನ್ನು ಹೊರೆ ಕಟ್ಟಿ ಎಮ್ಮೆಗಳಿಗೆ ಸಾಗಿಸಿದೆವು, ಆರು ಸಲ. ಆಮೇಲೆ ಅವರು ಗೆಳತಿಯ ಜೊತೆ ಹೊಳೆಯವರೆಗೆ ನಡೆದು ಬಂದರು. ಊರಿನ ದಾರಿ ಬಿಟ್ಟು ಹೊಲದ ಬದುವಿನಲ್ಲಿ. ಓಣಿಯವರ ಕಣ್ಣಿಗೆ ಬೀಳಬಾರದೆಂದು ಗೆಳತಿಯೇ ಆರಿಸಿದ ದಾರಿ.

ನಾಲ್ಕು ಗಂಟೆಗೆ ತಂಗಿ ಹೊಸ ಕುಳ್ಳು ಹಾಕಿ ಹೊಸ ತೆನೆ ಕೊಯ್ದಳು. ಬೆಳಗಿನವನ್ನು ಮುಟ್ಟಲಿಲ್ಲ. ಈ ಸಲ ಉಜ್ಜುವವಳ ಕೈ ತಿನ್ನುವವರ ಕೈಗೆ ಸಾಲಲಿಲ್ಲ. ಗೆಳೆಯ ತೆನೆಯನ್ನು ತಾನೇ ಎಳೆದುಕೊಂಡು ಉಜ್ಜಲು ಹೋಗಿ ಅಂಗೈ ಸುಟ್ಟುಕೊಂಡ, ಬಿಡಲಿಲ್ಲ. ಅವನ ಹೆಂಡತಿ ಕಾಳಿಗೆ ಬೆಲ್ಲ ಬೇಡ, ಚಟ್ನಿಯೂ ಬೇಡ ಎಂದರು. ನಾನು ಎಷ್ಟು ತಿಂದೆನೆಂದು ಲೆಕ್ಕ ಇಡಲಿಲ್ಲ. ನಮ್ಮೂರಿನ ಸೀತನಿಗಿಂತ ಒಂದು ತೂಕವೂ ಕಡಿಮೆ ಇರಲಿಲ್ಲ.

"ನೀನೂ ಕೂಡು ಬಾರಲೇ, ಎಷ್ಟೊತ್ತ ನಿಂದರತಿ" ಎಂದು ನಾನು ತಂಗಿಯ ಗಂಡನನ್ನು ಕರೆದೆ. ಅವನು ಕಂಬಳಿಯ ಅಂಚಿನಲ್ಲಿ ಕೂತು ಒಂದು ಹಿಡಿ ತಿಂದ. ಇನ್ನೊಂದು ಹಿಡಿ ತಿಂದ. "ಬೆಲ್ಲ ಎಲ್ಲೈತಿ?" ಎಂದ.

ಹೊರಡುವಾಗ ಗೆಳೆಯನ ಹೆಂಡತಿ ತಂಗಿಯನ್ನು ಕೇಳಿದರು: "ಮುಂದಿನ ವರ್ಷ ಯಾವಾಗ ಬರೋಣ? ನಮ್ಮ ಬೀದಿಯವರು ನಾಲ್ಕು ಜನ ಇದ್ದಾರೆ, ಅವರನ್ನೂ ಕರ್ಕೊಂಡು ಬರ್ತೀನಿ."

ತಂಗಿ ಗಂಡನ ಮುಖ ನೋಡಿದಳು. ಅವನು ಕೈ ಝಾಡಿಸಿಕೊಂಡ.

"ಇದ ವ್ಯಾಳ್ಯಾಕ್ಕ ಬರ್ರಿ. ಮನಿಗೆ ಬರಬ್ಯಾಡ್ರಿ, ಸೀದಾ ಹೊಲಕ್ಕ ಬರ್ರಿ. ನಮ್ಮವ್ವಗ ಹೇಳಬ್ಯಾಡ್ರಿ."

ಆರು ಗಂಟೆಗೆ ಕುಡಚಿಯ ಸ್ಟೇಷನ್ನಿಗೆ ಹೊರಟೆವು. ಗೆಳೆಯನ ಗಂಟಲು ಕೂತಿತ್ತು. ರೈಲು ಹತ್ತುವವರೆಗೆ ಸನ್ನೆಯಲ್ಲೇ ಮಾತಾಡಿದ.

ಆ ಹಂಗಾಮಿನಲ್ಲಿ ತಂಗಿಯ ಹೊಲಕ್ಕೆ ಇನ್ನೂ ಎರಡು ಗುಂಪು ಬಂದವು, ಒಂದು ಬೆಳಗಾವಿಯಿಂದ, ಒಂದು ಮೀರಜದಿಂದ. ಎರಡನ್ನೂ ಹೊಳೆಯ ಕಡೆಯ ದಾರಿಯಿಂದ ಕರೆತಂದರು. ಎರಡನೆಯ ಗುಂಪಿನ ಸುದ್ದಿ ಅತ್ತೆಗೆ ಹೇಗೋ ತಿಳಿದು, ಅವರು ಶಿರಾದ ಡಬ್ಬಿ ಹಿಡಿದು ಹೊಲಕ್ಕೇ ನಡೆದು ಬಂದರು. ಸೀತನಿ ಮುಗಿದ ಮೇಲೆ ಕೊಡಿರೆಂದು ತಂಗಿ ಅವರನ್ನು ಅಟ್ಟಣಿಗೆಯ ನೆರಳಲ್ಲಿ ಕೂರಿಸಿದಳು.

ಈ ವರ್ಷ ಅಕ್ಟೋಬರ್ ಮೊದಲ ವಾರ ಆ ಮೂಲೆಯಲ್ಲಿ ಮತ್ತೆ ಜೋಳ ಬಿತ್ತಿದ್ದಾರೆ. ಹತ್ತು ಗುಂಟೆ ಈಗ ಹದಿನೈದು ಆಗಿದೆ. ಮೊನ್ನೆ ತಂಗಿ ಫೋನಿನಲ್ಲಿ ಹೇಳಿದ ಪ್ರಕಾರ ಪೈರು ಮೊಣಕಾಲಿಗೆ ಬಂದಿದೆ.