ಬಿದ್ದವನು ಏಳುವವರೆಗೆ

ಟೂರ್ನಮೆಂಟಿಗೆ ಇಳಿದರೆ ಹೊಸಬರ ಆಟ ಸುಧಾರಿಸುತ್ತದೆ ಎನ್ನುವುದು ಸುಳ್ಳೇನಲ್ಲ. ಸುಧಾರಿಸುತ್ತದೆ. ನನ್ನ ತಕರಾರಿರುವುದೇ ಅಲ್ಲಿ.

ಎರಡು ಸಾವಿರದ ಇಸವಿ ದಾಟಿದ್ದ ಹೊಸತು. ಹನೂರಿನ ನಮ್ಮ ಮನೆಗೆ ಟಿ.ವಿ.ಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ಬಂದಿತ್ತು. ಇಬ್ಬರು ಹೊಡೆದಾಡುವ ಕ್ಯಾಸೆಟ್ ಒಂದನ್ನೇ ಅಕ್ಕನೂ ನಾನೂ ಸವೆಸುತ್ತಿದ್ದೆವು. ಅವಳು ಕೊಳ್ಳೇಗಾಲದಲ್ಲಿ ಡಿಗ್ರಿ ಓದುತ್ತಿದ್ದಳು, ನಾನು ಪಿ.ಯು.ಸಿ. ಉಳಿದ ಹೊತ್ತೆಲ್ಲ ಹಾವು ಮುಂಗುಸಿಯಂತಿದ್ದ ನಾವು ಜಗಳವಿಲ್ಲದೆ ಪಕ್ಕಪಕ್ಕ ಕೂರುತ್ತಿದ್ದುದು ಆ ಆಟದ ಮುಂದೆ ಮಾತ್ರ.

ಒಂದು ಸಂಜೆ ಹೊಲದಿಂದ ಬಂದ ಅಪ್ಪ ಬಾಗಿಲಲ್ಲಿ ನಿಂತು ಟಿ.ವಿ. ನೋಡಿದರು. ಆಟದಲ್ಲಿ ನನ್ನ ಆಳು ನೆಲಕ್ಕೆ ಬಿದ್ದಿದ್ದ, ಅಕ್ಕನ ಆಳು ಒದೆಯಲು ಕಾಲೆತ್ತಿದ್ದ. "ಬಿದ್ದೋನ್ಗೆ ಒಡೀಬಾರ್ದು ಕಣವ್ವ. ಎದ್ದು ನಿಂತ್ಕಳ್ಳಿ ಬುಡು," ಎಂದು ಒಳಗೆ ಹೋದರು. ನಮಗೆ ನಗು ತಡೆಯಲಾಗಲಿಲ್ಲ. ಆದರೂ ಅವತ್ತಿನಿಂದ ನಮ್ಮ ಮನೆಯಲ್ಲಿ ಅದೇ ಕಾನೂನಾಯಿತು. ಒಬ್ಬರು ಬಿದ್ದರೆ ಇನ್ನೊಬ್ಬರು ಆಟದ ರಿಮೋಟಿನಿಂದ ಬೆರಳು ತೆಗೆದು ಕಾಯಬೇಕು. ಬಿದ್ದವರು ಎದ್ದು "ಊಂ" ಎಂದ ಮೇಲೆಯೇ ಮತ್ತೆ ಶುರು. ಎಷ್ಟೋ ಸಲ ಅಕ್ಕ ಆ ಸಂದಿನಲ್ಲಿ ಒಂದು ಗುಟುಕು ಕಾಫಿ ಕುಡಿಯುತ್ತಿದ್ದಳು.

ಕೊಳ್ಳೇಗಾಲದ ಬಸ್‌ಸ್ಟ್ಯಾಂಡ್ ಹತ್ತಿರದ ವಿಡಿಯೋ ಗೇಮ್ ಅಂಗಡಿಯಲ್ಲಿ ಅದೇ ಆಟದ ಟೂರ್ನಮೆಂಟ್ ಇದೆಯೆಂದು ಅಕ್ಕ ಸುದ್ದಿ ತಂದಳು. "ಇನ್ನೊಂದ್ ವರ್ಸ ಆಡಿ ಆಮೇಲೆ ಓಗಾವ ಕಣಕ್ಕ," ಎಂದೆ.

"ಇಲ್ಲೇ ಕುಂತ್ಕಂಡು ನಿನ್ನೊಬ್ಬನ್ನೇ ಸೋಲಿಸ್ತಿದ್ರೆ ನಾನ್ ಯಾವತ್ತುಲಾ ಕಲಿಯಾದು?" ಎಂದಳು.

ಭಾನುವಾರ ಹೋದೆವು. ಅಂಗಡಿ ತುಂಬ ಹುಡುಗರು, ಹೆಣ್ಣೆಂದರೆ ಅಕ್ಕ ಒಬ್ಬಳೇ. ಎದುರಾಳಿ ಆ ಅಂಗಡಿಯಲ್ಲೇ ಬೀಡುಬಿಟ್ಟಿದ್ದ ಕಾಲೇಜು ಹುಡುಗ. ಶುರುವಿನಲ್ಲೇ ಅಕ್ಕ ಅವನ ಆಳನ್ನು ಉರುಳಿಸಿ, ರೂಢಿಯಂತೆ ಬೆರಳು ತೆಗೆದು ಕಾದಳು. ಅವನು ಎದ್ದ. ಎದ್ದು ಇವಳನ್ನು ಬೀಳಿಸಿದ. ಆಮೇಲೆ ಇವಳ ಆಳು ನೆಟ್ಟಗೆ ನಿಲ್ಲಲೇ ಇಲ್ಲ. ಅರ್ಧ ಎದ್ದರೆ ಒದೆ, ಮತ್ತೆ ಅರ್ಧ ಎದ್ದರೆ ಮತ್ತೆ ಒದೆ. ಮುಗಿಯಿತು.

"ಸಾ, ಏಳಕ್ಕೇ ಬುಡ್ನಿಲ್ವಲ್ಲ ಇವ್ರು?" ಎಂದು ಅಕ್ಕ ಅಂಗಡಿಯವನನ್ನು ಕೇಳಿದಳು. ಅಂಗಡಿಗೆ ಅಂಗಡಿಯೇ ನಕ್ಕಿತು. "ಅಂಗೆಲ್ಲ ರೂಲ್ ಇಲ್ಲ ಕಣಮ್ಮ," ಎಂದ ಅವನು, ಪಾಪ, ಮೆತ್ತಗೇ.

ನನಗೆ ಅವಮಾನವಾಯಿತು. ಅಕ್ಕ ಎದ್ದು ಬಂದರೆ ಸಾಕು ಎನ್ನಿಸಿತು. ಅವಳು ಬರಲಿಲ್ಲ. ಗೆದ್ದವರ ಬೆನ್ನ ಹಿಂದೆ ನಿಂತು, ಅವರ ಹೆಬ್ಬೆರಳುಗಳನ್ನೇ ಸಂಜೆಯವರೆಗೆ ನೋಡಿದಳು. ವಾಪಸ್ ಬರುವ ಬಸ್ಸು ಕಾಮಗೆರೆ ದಾಟಿತು. ಮಡಿಲಲ್ಲಿದ್ದ ಬ್ಯಾಗಿನ ಮೇಲೆ ಅವಳ ಹೆಬ್ಬೆರಳು ಆಡುತ್ತಲೇ ಇತ್ತು.

ಮನೆಗೆ ಬಂದವಳೇ ಕಾಲು ತೊಳೆದು, "ಬಾರ್ಲಾ," ಎಂದು ಟಿ.ವಿ. ಹಾಕಿದಳು. ನಾನು ಬಿದ್ದೆ. ಎಂದಿನಂತೆ ನಿರಾಳವಾಗಿ ರಿಮೋಟ್ ಬಿಟ್ಟು ಬೆನ್ನು ತುರಿಸಿಕೊಳ್ಳಲು ಹೋದೆ. ಏಳುವಷ್ಟರಲ್ಲಿ ಒದೆ. ಇನ್ನೊಂದು. ಬಾಗಿಲಲ್ಲಿದ್ದ ಅಪ್ಪ, "ಏಳ್ಲಿ ಬುಡವ್ವ," ಎಂದರು. ಅಕ್ಕ ತಿರುಗಿಯೂ ನೋಡದೆ, "ಅಂಗೆಲ್ಲ ರೂಲ್ ಇಲ್ಲ ಕಣಪ್ಪ," ಎಂದಳು.

ನಿಜ ಹೇಳಬೇಕೆಂದರೆ ಅವಳ ಆಟ ನೋಡುವಂತಿತ್ತು. ನನ್ನ ಜೊತೆ ಅಷ್ಟು ದಿನ ಆಡಿ ಕಲಿಯದ್ದನ್ನು ಒಂದೇ ಮಧ್ಯಾಹ್ನದಲ್ಲಿ ಕಲಿತುಬಂದಿದ್ದಳು. ನನಗೆ ಮೆಚ್ಚುಗೆಗಿಂತ ಭಯವೇ ಹೆಚ್ಚಾಯಿತು. ಒಂದಾಟವನ್ನೂ ಉಳಿಸಿಕೊಳ್ಳಲಾಗದೆ ರಿಮೋಟ್ ಕೆಳಗಿಟ್ಟೆ. ನನ್ನ ಮುಖ ನೋಡಿ ಅವಳಿಗೆ ಏನನ್ನಿಸಿತೋ, "ಲೇ, ಇನ್ನೊಂದಾಟ ಆಡ್ಲಾ. ಈ ಸಲ ಕಾಯ್ತೀನಿ," ಎಂದಳು.

ಆಡಿದೆವು. ಬಿದ್ದೆ. ಅವಳು ಬೆರಳು ತೆಗೆದು ಕಾದಳು. ಮೊದಲೆಲ್ಲ ಕಾಯುವುದೂ ಆಟದಲ್ಲೇ ಸೇರಿತ್ತು. ಅವತ್ತು ಅವಳು ಕಾದದ್ದು ನನ್ನ ಮೇಲಿನ ಕನಿಕರಕ್ಕೆ. ನನ್ನ ಆಳು ಎದ್ದು ನಿಂತ. ನನಗೆ ಮಾತ್ರ "ಊಂ" ಎನ್ನಲಾಗಲಿಲ್ಲ.